ಸರತಿ ಸಾಲು (ದತ್ತಾಂಶ ರಚನೆ)

ಸರತಿ ಸಾಲು ಅಥವಾ ಕ್ಯೂ ಎಂಬುದು ಗಣಕ ವಿಜ್ಞಾನದ ಒಂದು ರೇಖೀಯ ದತ್ತಾಂಶ ರಚನೆ. ಇದರಲ್ಲಿ ಮೊದಲು ಸೇರಿದ ಅಂಶವೇ ಮೊದಲು ಹೊರಬರುತ್ತದೆ. ವೇಬ್ರಿಡ್ಜ್ ಮುಂದೆ ನಿಂತ ಅದಿರು ಲಾರಿಗಳ ಸಾಲು ಇದಕ್ಕೆ ಸುಲಭ ಹೋಲಿಕೆ: ಹೊಸ ಲಾರಿ ಹಿಂದೆ ಸೇರುತ್ತದೆ, ಮುಂದಿನದು ತೂಕವಾಗಿ ಹೊರಡುತ್ತದೆ. ಸ್ಟ್ಯಾಕ್ ರಚನೆಯಲ್ಲಿ ಇದಕ್ಕೆ ವಿರುದ್ಧವಾಗಿ ಕೊನೆಯಲ್ಲಿ ಇಟ್ಟದ್ದು ಮೊದಲು ಹೊರಬರುತ್ತದೆ. ರೈಲು ಟಿಕೆಟಿನ ವೇಟಿಂಗ್ ಲಿಸ್ಟ್ ಮೇಲ್ನೋಟಕ್ಕೆ ಇದೇ ಬಗೆಯದಾಗಿ ಕಂಡರೂ, ನಡುವಿನವರು ಟಿಕೆಟ್ ರದ್ದುಪಡಿಸಿ ಹೊರಹೋಗಬಹುದಾದ ಕಾರಣ ಅದು ಶುದ್ಧ ಸರತಿ ಸಾಲಲ್ಲ.

ಕಾರ್ಯಗಳು

ಹಿಂತುದಿಯಲ್ಲಿ ಅಂಶವನ್ನು ಸೇರಿಸುವುದಕ್ಕೆ ಎನ್‌ಕ್ಯೂ ಎಂದೂ ಮುಂತುದಿಯಿಂದ ತೆಗೆಯುವುದಕ್ಕೆ ಡಿಕ್ಯೂ ಎಂದೂ ಹೆಸರು. ಎರಡೂ ತುದಿಗಳಲ್ಲಿ ಸೇರಿಸಲು, ತೆಗೆಯಲು ಬರುವ 'ಡೆಕ್' ಬೇರೆಯೇ ರಚನೆ. ಹೆಸರಿನ ಸಾಮ್ಯದಿಂದ ವಿದ್ಯಾರ್ಥಿಗಳು ಇವೆರಡನ್ನು ಬೆರೆಸುವುದುಂಟು. ಖಾಲಿ ಸಾಲಿನಿಂದ ತೆಗೆಯಲು ಹೊರಟರೆ ಅಂಡರ್‌ಫ್ಲೋ, ತುಂಬಿದ ಸಾಲಿಗೆ ಸೇರಿಸಲು ಹೊರಟರೆ ಓವರ್‌ಫ್ಲೋ ದೋಷ ಉಂಟಾಗುತ್ತದೆ.

ಅಳವಡಿಕೆ

ಅರೇ ಬಳಸಿ ಸರತಿ ಸಾಲನ್ನು ರಚಿಸುವಾಗ, ಮುಂದಿನ ಅಂಶ ಹೊರಹೋದಂತೆಲ್ಲ ಉಳಿದವನ್ನು ಒಂದೊಂದು ಮನೆ ಮುಂದಕ್ಕೆ ಸರಿಸುವುದು ದುಬಾರಿ: ಸಾಲಿನಲ್ಲಿ ಒಂದು ಲಕ್ಷ ಅಂಶಗಳಿದ್ದರೆ ಒಂದನ್ನು ತೆಗೆಯಲು ಸುಮಾರು ಒಂದು ಲಕ್ಷ ಸರಿಸುವಿಕೆ ಬೇಕು. ಪೈಥಾನ್ ಭಾಷೆಯ ಸಾಮಾನ್ಯ ಲಿಸ್ಟ್‌ನ ಮೊದಲ ಅಂಶವನ್ನು ಪದೇ ಪದೇ ತೆಗೆಯುವ ಪ್ರೋಗ್ರಾಂ ನಿಧಾನವಾಗುವುದು ಇದರಿಂದಲೇ. ಅಲ್ಲಿ ಡೆಕ್ ಬಳಸುವುದು ಸೂಕ್ತ.

ವೃತ್ತಾಕಾರದ ಸರತಿ ಸಾಲಿನಲ್ಲಿ ಅಂಶಗಳು ಸರಿಯುವುದಿಲ್ಲ. ಮುಂತುದಿ, ಹಿಂತುದಿಗಳ ಸೂಚಕಗಳು ಮಾತ್ರ ಸರಿಯುತ್ತವೆ. 0ಯಿಂದ 4ರವರೆಗಿನ ಐದು ಮನೆಗಳಿದ್ದರೆ 4ರ ನಂತರದ ಸ್ಥಾನ ಮತ್ತೆ 0. ಸೂಚಕಕ್ಕೆ 1 ಕೂಡಿಸಿ 5ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಹೊಸ ಸ್ಥಾನ. ಹೀಗಾಗಿ ಸೇರಿಸುವಿಕೆ, ತೆಗೆಯುವಿಕೆಗಳೆರಡೂ ಸ್ಥಿರ ಕಾಲದಲ್ಲಿ ಮುಗಿಯುತ್ತವೆ. ಆದರೆ ಸಾಲು ಪೂರ್ಣ ಖಾಲಿಯಾದಾಗಲೂ ಪೂರ್ಣ ತುಂಬಿದಾಗಲೂ ಎರಡು ಸೂಚಕಗಳು ಒಂದೇ ಮನೆಯಲ್ಲಿ ನಿಲ್ಲುತ್ತವೆ. ಈ ಗೊಂದಲದ ನಿವಾರಣೆಗೆ ಅಂಶಗಳ ಎಣಿಕೆಯನ್ನು ಪ್ರತ್ಯೇಕವಾಗಿ ಇಡಬೇಕು, ಇಲ್ಲವೇ ಒಂದು ಮನೆಯನ್ನು ಸದಾ ಖಾಲಿ ಬಿಡಬೇಕು. ಲಿಂಕ್ಡ್ ಲಿಸ್ಟ್ ಬಳಸಿದರೆ ಈ ತೊಡಕಿಲ್ಲ, ಆದರೆ ಪ್ರತಿ ಅಂಶಕ್ಕೂ ಹೆಚ್ಚುವರಿ ಸ್ಮೃತಿ ಬೇಕು.

ಉದಾಹರಣೆ: ಮೊದಲು ಅಗಲಕ್ಕೆ ಹುಡುಕುವ ಕ್ರಮ

ಜಾಲಗಳಲ್ಲಿ ಅತಿ ಕಡಿಮೆ ಹಂತಗಳ ದಾರಿಯನ್ನು ಹುಡುಕಲು ಸರತಿ ಸಾಲು ಅವಶ್ಯಕ. ಸರಳಗೊಳಿಸಿದ ಒಂದು ನಕ್ಷೆಯಲ್ಲಿ ಕುರೆಕುಪ್ಪಕ್ಕೆ ತೋರಣಗಲ್ಲು ನೆರೆಯ ಊರು. ತೋರಣಗಲ್ಲಿನಿಂದ ಹೊಸಪೇಟೆಗೂ ಸಂಡೂರಿಗೂ, ಹೊಸಪೇಟೆಯಿಂದ ಸಂಡೂರಿಗೂ ಕಮಲಾಪುರಕ್ಕೂ, ಕಮಲಾಪುರದಿಂದ ಹಂಪಿಗೂ ಕಂಪ್ಲಿಗೂ ರಸ್ತೆಗಳಿವೆ ಎಂದಿಟ್ಟುಕೊಳ್ಳಬಹುದು. ಕುರೆಕುಪ್ಪವನ್ನು ಹೊರತೆಗೆದು ತೋರಣಗಲ್ಲನ್ನು ಸೇರಿಸಬೇಕು. ಅದನ್ನು ತೆಗೆದಾಗ ಹೊಸಪೇಟೆ, ಸಂಡೂರುಗಳು ಸೇರುತ್ತವೆ. ಹೊಸಪೇಟೆಯನ್ನು ತೆಗೆದಾಗ ಕಮಲಾಪುರ ಮಾತ್ರ ಸೇರುತ್ತದೆ. ಸಂಡೂರಿಗೆ ಈಗಾಗಲೇ ಗುರುತು ಬಿದ್ದಿದೆ. ಆ ಗುರುತನ್ನು ಮರೆತರೆ ಊರುಗಳು ಮತ್ತೆ ಮತ್ತೆ ಸಾಲು ಸೇರಿ ಪ್ರೋಗ್ರಾಂ ಮುಗಿಯದೇ ಹೋಗಬಹುದು. ಮುಂದೆ ಸಂಡೂರು ಹೊರಬರುತ್ತದೆ, ಆದರೆ ಅದರಿಂದ ಹೊಸ ಊರು ಸೇರುವುದಿಲ್ಲ. ಕೊನೆಗೆ ಕಮಲಾಪುರದಿಂದ ಹಂಪಿ, ಕಂಪ್ಲಿಗಳು ದೊರೆಯುತ್ತವೆ. ಎರಡೂ ನಾಲ್ಕನೆಯ ಹಂತದ ಊರುಗಳು.

ಇಲ್ಲಿ ದೊರೆಯುವುದು ಹಂತಗಳ ಲೆಕ್ಕವೇ ಹೊರತು ಕಿಲೋಮೀಟರುಗಳದ್ದಲ್ಲ. ದೂರವನ್ನು ಪರಿಗಣಿಸಬೇಕಾದಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮವಿಧಿಯನ್ನು ಬಳಸುತ್ತಾರೆ. ಅದರ ಇಂದಿನ ಅಳವಡಿಕೆಗಳಲ್ಲಿ ಸಾಮಾನ್ಯವಾಗಿ ಆದ್ಯತಾ ಸರತಿ ಸಾಲು ಇರುತ್ತದೆ. ಅಲ್ಲಿ ಮೊದಲು ಬಂದದ್ದಲ್ಲ, ಕಡಿಮೆ ದೂರದ್ದು ಮೊದಲು ಹೊರಬರುತ್ತದೆ.