ಅಳಿಯಸಂತಾನದ ಧಾರೆ ಮದುವೆ: ಕೋರ್ಟು ಕಂಡದ್ದು, ಕಾಣದ್ದು

ತುಳುವಿನಲ್ಲಿ ತಾಯಿ ‘ಅಪ್ಪೆ’, ತಂದೆ ‘ಅಮ್ಮೆ’. ಘಟ್ಟದ ಮೇಲಿನ ಕನ್ನಡ ಕಿವಿಗೆ ಇದು ತಲೆಕೆಳಗಾಗಿ ಕೇಳಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಮದರಾಸು ಹೈಕೋರ್ಟಿಗೆ ತುಳುನಾಡಿನ ಸಂಸಾರವೇ ಹಾಗೆ ಕಂಡಿತು. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರಲ್ಲಿ ಹಲವರು ನಡೆಸಿಕೊಂಡು ಬಂದ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿಯೂ ‘ಬರಿ’ ಎಂಬ ಕುಲವೂ ತಾಯಿಯ ಕಡೆಯಿಂದ ಇಳಿದುಬರುತ್ತಿದ್ದವು. ಹೆಣ್ಣು ಗಂಡನ ಮನೆಯಲ್ಲಿ ಬಾಳಿದರೂ ಅವಳ ಹಕ್ಕು ಹುಟ್ಟಿದ ಕುಟುಂಬದಲ್ಲೇ ಉಳಿಯುತ್ತಿತ್ತು. ಮಕ್ಕಳು ಅವಳ ಕುಟುಂಬಕ್ಕೆ ಸೇರಿದವರು. ಅವರ ಮೇಲೆ ತಂದೆಗಿಂತ ಸೋದರಮಾವನ ಮಾತು ನಡೆಯುತ್ತಿತ್ತು.

ಇದರ ಮೂಲವನ್ನು ಐತಿಹ್ಯ ಭೂತಾಳ ಪಾಂಡ್ಯನಿಗೆ ಕೊಂಡೊಯ್ಯುತ್ತದೆ. ಕುಂಡೋದರ ಭೂತ ಬಲಿ ಕೇಳಿದಾಗ ಪಾಂಡ್ಯನ ಸೋದರಮಾವನಾದ ಅರಸನ ಹೆಂಡತಿ ಮಗನನ್ನು ಕೊಡಲೊಪ್ಪಲಿಲ್ಲ, ತಂಗಿ ಒಪ್ಪಿದಳು. ಅಂದಿನಿಂದ ಹಕ್ಕು ತಂಗಿಯ ಮಗನಾದ ಅಳಿಯನಿಗಾಯಿತು ಎಂಬುದು ಕಥೆ. ಭೂತಾಳ ಪಾಂಡ್ಯನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಕಟ್ಟುಕಟ್ಟಳೆಗಳ ಗ್ರಂಥವನ್ನು ವಿದ್ವಾಂಸ ಬರ್ನೆಲ್ ಇತ್ತೀಚಿನ ಕೃತಕ ರಚನೆ ಎಂದು ತಳ್ಳಿಹಾಕಿದ. ಗ್ರಂಥ ಕೃತಕವೇ ಇರಲಿ, ಪದ್ಧತಿ ಕೃತಕವಲ್ಲ. ಜನ ಅದರಂತೆ ಬದುಕುತ್ತಿದ್ದರು.

ವ್ಯಾಜ್ಯಗಳು ಮದರಾಸಿಗೆ ಹೋಗತೊಡಗಿದ ಮೇಲೆ ಈ ಬದುಕು ತೀರ್ಪುಗಳ ಭಾಷೆಗೆ ಇಳಿಯಿತು. ಒಬ್ಬ ಸದಸ್ಯ ಕೇಳಿದನೆಂದು ಕುಟುಂಬದ ಆಸ್ತಿಯನ್ನು ಪಾಲು ಮಾಡಲಾಗದು ಎಂದು 1863ರಲ್ಲಿ ತೀರ್ಮಾನವಾಯಿತು. ಕೆಲವೇ ವರ್ಷಗಳಲ್ಲಿ, ಹೆಂಡತಿ ಗಂಡನಿಂದ ಜೀವನಾಂಶ ಕೇಳುವಂತಿಲ್ಲ, ಅವಳನ್ನು ಸಾಕುವ ಹೊಣೆ ಅವಳ ಕುಟುಂಬದ್ದು ಎಂಬ ತೀರ್ಪೂ ಬಂತು. ಎಲ್ಲಕ್ಕಿಂತ ದೂರ ಹೋದದ್ದು 1883ರ ಕೊರಗ ಪ್ರಕರಣ. ಪರರ ಹೆಂಡತಿಯ ವಿಷಯದಲ್ಲಿ ದಂಡಸಂಹಿತೆ ಹೇಳುತ್ತಿದ್ದ ಅಪರಾಧ ಇಲ್ಲಿ ಅನ್ವಯಿಸುವುದೇ ಎಂಬುದು ಪ್ರಶ್ನೆ. ಅನ್ವಯಿಸದು ಎಂದಿತು ಹೈಕೋರ್ಟು. ಹೆಣ್ಣು ತನ್ನ ಇಷ್ಟದಂತೆ ಬಿಡಬಹುದಾದ ಸಂಬಂಧ ಕಾನೂನಿನ ಅರ್ಥದಲ್ಲಿ ಮದುವೆಯಲ್ಲ ಎಂಬುದು ಅದರ ತರ್ಕ.

ಈ ತರ್ಕದ ಬಳಿ ಸ್ವಲ್ಪ ನಿಲ್ಲಬೇಕು. ಬಂಟರ ಮದುವೆಯಲ್ಲಿ ನೆಂಟರೆಲ್ಲ ಸೇರಿದ ಚಪ್ಪರದಡಿ ವಧೂವರರ ಕೈಗೆ ಕೈ ಸೇರಿಸಿ ಧಾರೆ ಎರೆಯುತ್ತಾರೆ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ವಿಧವೆಯ ಮರುಮದುವೆಗೂ ‘ಬುಡುದಾರೆ’ ಎಂಬ ಬೇರೆ ಹೆಸರು, ಬೇರೆ ಕ್ರಮ ಇದೆ. ಇಷ್ಟು ಕಟ್ಟುಪಾಡು ಇರುವುದನ್ನು ಮದುವೆಯಲ್ಲ ಎನ್ನಲು ಕೋರ್ಟಿಗೆ ಸಿಕ್ಕ ಮುಖ್ಯ ಕಾರಣ, ಹೆಣ್ಣಿಗೆ ಹೊರಬರುವ ದಾರಿ ತೆರೆದಿತ್ತೆಂಬುದು. ಹೆಂಡತಿ ಗಂಡನ ಸೊತ್ತಾಗದ ಕಡೆ ಮದುವೆಯೇ ಇಲ್ಲವೆಂದು ಆ ಕಾಲದ ಕಾನೂನು ಭಾವಿಸಿತು. ಇದು ಪದ್ಧತಿಯನ್ನು ಅರಿಯುವಲ್ಲಿ ಆದ ತಪ್ಪು ಎಂದೇ ನನ್ನ ಅಭಿಪ್ರಾಯ. ಮದುವೆಯಿಲ್ಲವೆಂದಾಗ ತಂದೆತನಕ್ಕೂ ಕಾನೂನಿನ ನೆಲೆ ತಪ್ಪುತ್ತದೆ. ಹೊಲದಲ್ಲಿ, ಅಂಗಡಿಯಲ್ಲಿ ದುಡಿದು ಗಳಿಸಿದವನು ಮಕ್ಕಳಿಗೇನಾದರೂ ಉಳಿಯಲಿ ಎಂದು ಬಯಸಿದರೆ ಬದುಕಿರುವಾಗಲೇ ಬರೆದುಕೊಡಬೇಕಿತ್ತು. ಇಲ್ಲವಾದರೆ ಅದು ಅಳಿಯಂದಿರ ಪಾಲು.

ತಾಯಿಯ ಕಡೆಯಿಂದ ಹಕ್ಕು ಇಳಿಯುವ ಪದ್ಧತಿಯಿದ್ದ ಮಲಬಾರಿನಲ್ಲೂ ಇದೇ ಕಾವು. 1891ರಲ್ಲಿ ಸರ್ಕಾರ ನೇಮಿಸಿದ ಮಲಬಾರ್ ವಿವಾಹ ಆಯೋಗಕ್ಕೆ ಟಿ. ಮುತ್ತುಸ್ವಾಮಿ ಅಯ್ಯರ್ ಅಧ್ಯಕ್ಷರು. ‘ಇಂದುಲೇಖಾ’ ಬರೆದ ಚಂದುಮೇನೋನ್ ಮತ್ತು ಸಿ. ಶಂಕರನ್ ನಾಯರ್ ಅದರಲ್ಲಿದ್ದರು. ತುಳುನಾಡಿನ ಮುಂಡಪ್ಪ ಬಂಗೇರರೂ ಇದ್ದರು. ಅಲ್ಲಿನ ಸಂಬಂಧವೂ ಮದುವೆಯೇ ಎಂದು ಚಂದುಮೇನೋನ್ ಭಿನ್ನಮತ ಬರೆದರು. 1896ರ ಕಾಯ್ದೆ ಅಳಿಯಸಂತಾನದವರಿಗೂ ತಮ್ಮ ಮದುವೆಯನ್ನು ನೋಂದಾಯಿಸುವ ಅವಕಾಶ ಕೊಟ್ಟಿತು. ಬಂದವರು ಕಡಿಮೆ. ಧಾರೆಯೆರೆದು ಊರೆಲ್ಲ ಒಪ್ಪಿದ ಮದುವೆಗೆ ಸರ್ಕಾರದ ದಫ್ತರದಲ್ಲಿ ಮತ್ತೆ ರುಜು ಏಕೆ ಬೇಕು?

ನಿಜವಾದ ತಿರುವು 1949ರ ಮದರಾಸು ಅಳಿಯಸಂತಾನ ಕಾಯ್ದೆ. ಒಬ್ಬ ಹೆಣ್ಣಿನ ಸಂತತಿಯಾದ ‘ಕವರು’ ಪಾಲು ಕೇಳಬಹುದು ಎಂದು ಅದು ಹೇಳಿತು. 1955ರ ಹಿಂದೂ ವಿವಾಹ ಕಾಯ್ದೆಯಿಂದ ಮದುವೆಯ ಬಗೆಗಿನ ಅನುಮಾನ ಮುಗಿಯಿತು. ಅದರ 29ನೆಯ ಕಲಮು ರೂಢಿಯ ವಿಚ್ಛೇದನವನ್ನೂ ಉಳಿಸಿತು. 1956ರ ಉತ್ತರಾಧಿಕಾರ ಕಾಯ್ದೆ ಗಂಡಸಿನ ಗಳಿಕೆಯನ್ನು ಹೆಂಡತಿ ಮಕ್ಕಳಿಗೂ ತಾಯಿಗೂ ತಲುಪಿಸಿತು. ಇದರ 17ನೆಯ ಕಲಮು ಮಾತ್ರ ತುಳುನಾಡಿನ ನೆನಪನ್ನು ಕಾಪಾಡಿದೆ. ಬೇರೆ ಹಿಂದೂ ಹೆಣ್ಣಿನ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಅಳಿಯಸಂತಾನದ ಹೆಣ್ಣಿನದು ಮಕ್ಕಳಿಗೂ ಅವಳ ತಾಯಿಗೂ. ಗಂಡನ ಸರದಿ ಆಮೇಲೆ.

ಮಕ್ಕಳ ಪೋಷಕತ್ವದಲ್ಲಿ ಇಂಥ ಯಾವ ನೆನಪೂ ಉಳಿಯಲಿಲ್ಲ. 1956ರ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯ 6ನೆಯ ಕಲಮಿನಲ್ಲಿ ಸಹಜ ಪೋಷಕ ತಂದೆ, ಅವನ ಅನಂತರ ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂಬ ರಿಯಾಯಿತಿಯಷ್ಟೇ ಅವಳಿಗೆ ಸಿಕ್ಕಿತು. ಶತಮಾನಗಳ ಕಾಲ ತಾಯಿಯ ಕುಟುಂಬದಲ್ಲೇ ಮಕ್ಕಳನ್ನು ಬೆಳೆಸಿದ ಸಮಾಜಕ್ಕೂ ಇದೇ ಅಳತೆಗೋಲು. ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ‘ಅನಂತರ’ ಎಂದರೆ ತಂದೆಯ ಮರಣದ ಬಳಿಕ ಎಂದಷ್ಟೇ ಅಲ್ಲ, ಅವನು ಮಗುವಿನ ಹೊಣೆಯಿಂದ ದೂರವಿರುವಾಗಲೂ ಆಗಬಹುದು ಎಂದು ಅರ್ಥೈಸಿತು. ಅರ್ಥ ಹಿಗ್ಗಿತು, ಪದ ಉಳಿಯಿತು. 2015ರಲ್ಲಿ ಕಾನೂನು ಆಯೋಗ ತನ್ನ 257ನೆಯ ವರದಿಯಲ್ಲಿ ತಂದೆತಾಯಿಗೆ ಸಮಾನ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿದೆ. ಸಂಸತ್ತು ಆ ಶಿಫಾರಸನ್ನು ಕೈಗೆತ್ತಿಕೊಂಡು 6ನೆಯ ಕಲಮಿನಿಂದ ‘ಅನಂತರ’ ಎಂಬ ಪದವನ್ನು ತೆಗೆಯಬೇಕು.