ಸಾಕದೆ ಸಲುಗೆಯಾದ ಜಿಂಕೆ: ಮಸಿನಗುಡಿಯ ವಸತಿ ಪರಿಸರದಲ್ಲಿ ಒಂದು ವಿವೇಚನೆ

ಮೋಯಾರ್ ಹೊಳೆಯ ಆಚೆ ಬಂಡೀಪುರ, ಈಚೆ ಮುದುಮಲೆ. ಮುದುಮಲೆಯ ಮಗ್ಗುಲಿನ ಮಸಿನಗುಡಿಯಲ್ಲಿ ಚುಕ್ಕೆ ಜಿಂಕೆಗಳು ಮನೆಗಳ ನಡುವೆ ಮೇಯುವುದು ಊರವರಿಗೆ ಸೋಜಿಗವಲ್ಲ. ಬಂಡೀಪುರದ ಅರಣ್ಯ ಇಲಾಖೆಯ ವಸತಿಗೃಹಗಳ ಹುಲ್ಲಿನ ಮೇಲೂ ಕತ್ತಲಾದರೆ ಹಿಂಡು ಬಂದು ಮಲಗುತ್ತದೆ. ನೋಡಿದ ಪ್ರವಾಸಿಗರು ಇವು ಸಾಕಿದವೆಂದೇ ಭಾವಿಸುತ್ತಾರೆ. ಆದರೆ ಇವುಗಳನ್ನು ಯಾರೂ ಸಾಕಿಲ್ಲ. ತಲೆಮಾರುಗಳ ತಳಿ ಆಯ್ಕೆಯಿಲ್ಲದೆ ಸಾಕುಪ್ರಾಣಿ ಹುಟ್ಟುವುದಿಲ್ಲ. ಇಲ್ಲಿ ಆಗಿರುವುದು ಇಷ್ಟೇ: ಮನುಷ್ಯನಿಂದ ತಕ್ಷಣದ ಅಪಾಯವಿಲ್ಲವೆಂದು ಜಿಂಕೆ ಕಲಿತಿದೆ.

ಈ ಕಲಿಕೆಗೆ ಕಾರಣಗಳು ಸ್ಪಷ್ಟ. ಹುಲಿ, ಸೀಳುನಾಯಿಗಳು ಜನವಸತಿಯ ಗದ್ದಲಕ್ಕೆ ಅಳುಕುತ್ತವೆ, ಹೀಗಾಗಿ ಊರೇ ಜಿಂಕೆಗೆ ಗುರಾಣಿ. ಮುಖ್ಯವಾಗಿ ಹುಲ್ಲು ತಿನ್ನುವ ಈ ಪ್ರಾಣಿಗೆ ದನ ಮೇದು ಗಿಡ್ಡವಾದ ಊರಿನ ಬಯಲು ಹಿಡಿಸುತ್ತದೆ; ಕಾಡಿನೊಳಗಾದರೋ ಲಂಟಾನ ಹಬ್ಬಿ ಹುಲ್ಲನ್ನು ಅಡಗಿಸಿದೆ. ಅಂದರೆ ಜಿಂಕೆ ನಮ್ಮ ಮೇಲಿನ ಅಕ್ಕರೆಯಿಂದ ಬಂದದ್ದಲ್ಲ.

ಗುರಾಣಿಯಲ್ಲೂ ತೂತುಗಳಿವೆ. ಚಿರತೆ ಊರಂಚಿಗೆ ಬರಲು ಹಿಂಜರಿಯದು, ಬೀದಿನಾಯಿಗಳಂತೂ ಊರೊಳಗೇ ಇವೆ. ಚೆನ್ನೈನ ಗಿಂಡಿ ಕಾಡಿನಲ್ಲಿ 1959ರಲ್ಲಿ ತಲೆಯೆತ್ತಿದ ಐಐಟಿ ಆವರಣ ಇದಕ್ಕೆ ಹಳೆಯ ನಿದರ್ಶನ: ಅಲ್ಲಿ ಕಟ್ಟಡಗಳ ನಡುವೆ ಉಳಿದ ಚುಕ್ಕೆ ಜಿಂಕೆ, ಕೃಷ್ಣಮೃಗಗಳನ್ನು ನಾಯಿಗಳೂ ಪ್ಲಾಸ್ಟಿಕ್ಕೂ ಬಲಿ ತೆಗೆದುಕೊಂಡಿವೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಗೆ ಇಳಿದ ಚೀಲ ಮುಂದಕ್ಕೆ ಸಾಗದೆ ಗಂಟಾಗಿ ಕೂರುತ್ತದೆ. ಹೊಟ್ಟೆ ತುಂಬಿದಂತಿದ್ದೂ ಜೀವ ಸೊರಗುತ್ತದೆ. ಜಿಂಕೆಯನ್ನು ದೇವದೂತನೆಂದು ಗೌರವಿಸುವ ಜಪಾನಿನ ನಾರಾದಲ್ಲೂ 2019ರಲ್ಲಿ ಸತ್ತ ಜಿಂಕೆಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಇದೇ. ಭಕ್ತಿ ಕಸವನ್ನು ಕರಗಿಸುವುದಿಲ್ಲ.

ಬಿಸ್ಕತ್ತು ನೀಡುವ ಕೈಯನ್ನು ನಾನು ಕರುಣೆಯೆಂದು ಒಪ್ಪಲಾರೆ. ಅದು ಜಿಂಕೆಯನ್ನು ರಸ್ತೆಗೆ ಕರೆಯುತ್ತದೆ. ಬೆದೆಗಾಲದಲ್ಲಿ ಕೊಂಬು ಬಲಿತ ಗಂಡಿನ ಹತ್ತಿರ ಮಕ್ಕಳನ್ನು ನಿಲ್ಲಿಸುತ್ತದೆ. ಹಿಡಿದು ಬೇರೆಡೆ ಬಿಡುವುದೂ ಸುಲಭದ ಪರಿಹಾರವಲ್ಲ: ಹಿಡಿಯುವಾಗಿನ ಗಾಬರಿಗೇ ಜಿಂಕೆ ಸಾಯುವುದುಂಟು.

ಮಸಿನಗುಡಿ ಸುತ್ತಲಿನ ಆನೆ ಪಥದ ರೆಸಾರ್ಟುಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಪಥದ ಪರವಾಗಿ ತೀರ್ಪಿತ್ತಿತು. ಜಿಂಕೆಗೆ ಅಷ್ಟು ದೊಡ್ಡ ವ್ಯಾಜ್ಯ ಬೇಕಿಲ್ಲ. ಕಾಡಂಚಿನ ಪಂಚಾಯಿತಿಗಳು ಕಸದ ತೊಟ್ಟಿಗೆ ಮುಚ್ಚಳ ಹಾಕಿಸಲಿ, ನಾಯಿಗಳ ಸಂತಾನ ನಿಯಂತ್ರಿಸಲಿ, ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲು ಮೇವಿನ ಬಯಲನ್ನು ನಕ್ಷೆಯಲ್ಲಿ ಬಿಡಿಸಿಡಲಿ.