ನಾಯಕರ ಅನಾರೋಗ್ಯ: ಸಂವಿಧಾನ ಏನು ಹೇಳುತ್ತದೆ?

ಅಧಿಕಾರದಲ್ಲಿರುವ ನಾಯಕರು ಆಸ್ಪತ್ರೆ ಸೇರಿದಾಗಲೆಲ್ಲ ಜನರಲ್ಲಿ ಮೂಡುವ ಪ್ರಶ್ನೆ ಒಂದೇ: ಈಗ ಆಡಳಿತದ ಹೊಣೆ ಯಾರದು? ಭಾರತದ ಸಂವಿಧಾನ ಇದಕ್ಕೆ ಅರ್ಧ ಉತ್ತರವನ್ನಷ್ಟೇ ನೀಡುತ್ತದೆ.

ವಯೋಮಿತಿ

ಲೋಕಸಭೆ ಹಾಗೂ ವಿಧಾನಸಭೆಯ ಸದಸ್ಯತ್ವಕ್ಕೆ 25, ರಾಜ್ಯಸಭೆಗೆ 30, ರಾಷ್ಟ್ರಪತಿ ಹುದ್ದೆಗೆ 35 ವರ್ಷ ತುಂಬಿರಬೇಕು. ಗರಿಷ್ಠ ಮಿತಿ ಯಾವುದಕ್ಕೂ ಇಲ್ಲ. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 62, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ 65 ನಿವೃತ್ತಿಯ ವಯಸ್ಸೆಂದು ನಿಗದಿಪಡಿಸಿರುವ ಸಂವಿಧಾನ, ಜನಪ್ರತಿನಿಧಿಗಳ ನಿವೃತ್ತಿಯನ್ನು ಮತದಾರರ ವಿವೇಚನೆಗೆ ಬಿಟ್ಟಿದೆ. ಪಕ್ಷಗಳ ಅಲಿಖಿತ ನಿಯಮಗಳು ಸಡಿಲವಾದವು. ಬಿಜೆಪಿಯಲ್ಲಿ 75 ವರ್ಷದ ಮಿತಿಯ ಮಾತಿದ್ದರೂ, 2019ರಲ್ಲಿ ಬಿ.ಎಸ್. ಯಡಿಯೂರಪ್ಪ 76ರ ವಯಸ್ಸಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದರು.

ಹೊಣೆಯ ವರ್ಗಾವಣೆ

ರಾಷ್ಟ್ರಪತಿ ಅಸ್ವಸ್ಥರಾದರೆ 65ನೇ ವಿಧಿಯನ್ವಯ ಉಪರಾಷ್ಟ್ರಪತಿ ಕಾರ್ಯ ನಿರ್ವಹಿಸುತ್ತಾರೆ. 1961ರಲ್ಲಿ ರಾಜೇಂದ್ರ ಪ್ರಸಾದ್ ಕಾಯಿಲೆ ಬಿದ್ದಾಗ ಎಸ್. ರಾಧಾಕೃಷ್ಣನ್ ಆ ಹೊಣೆ ಹೊತ್ತಿದ್ದರು. ಆದರೆ ಪ್ರಧಾನಿ, ಮುಖ್ಯಮಂತ್ರಿಗಳ ವಿಷಯದಲ್ಲಿ ಇಂಥ ವಿಧಿಯಿಲ್ಲ. ಉಪಪ್ರಧಾನಿ, ಉಪಮುಖ್ಯಮಂತ್ರಿ ಹುದ್ದೆಗಳ ಪ್ರಸ್ತಾಪವೂ ಸಂವಿಧಾನದಲ್ಲಿಲ್ಲ.

ನಾಯಕರೇ ಮುಂಚಿತವಾಗಿ ವ್ಯವಸ್ಥೆ ಮಾಡಿದರೆ ತೊಡಕಿಲ್ಲ. 2009ರ ಜನವರಿಯಲ್ಲಿ ದೆಹಲಿಯ ಏಮ್ಸ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಯಿತು. ವಿಷಯವನ್ನು ಮೊದಲೇ ಪ್ರಕಟಿಸಲಾಗಿತ್ತು. ಪ್ರಣವ್ ಮುಖರ್ಜಿ ಹಣಕಾಸು ಖಾತೆಯನ್ನು ನೋಡಿಕೊಂಡರು.

ಮೌನದ ಬೆಲೆ

ಮೇಲುಕೋಟೆಯಲ್ಲಿ ಜನಿಸಿದ್ದ ತಮಿಳುನಾಡು ಮುಖ್ಯಮಂತ್ರಿ ಜೆ. ಜಯಲಲಿತಾ 2016ರ ಸೆಪ್ಟೆಂಬರ್ 22ರಂದು ಚೆನ್ನೈನ ಆಸ್ಪತ್ರೆ ಸೇರಿದರು. ಅಕ್ಟೋಬರ್‌ನಲ್ಲಿ ಅವರ ಖಾತೆಗಳನ್ನು ಓ. ಪನ್ನೀರ್‌ಸೆಲ್ವಂ ಅವರಿಗೆ ವಹಿಸಲಾಯಿತು. ಮುಖ್ಯಮಂತ್ರಿಗಳ ಸಲಹೆಯಂತೆ ಈ ಕ್ರಮವೆಂದು ರಾಜಭವನ ತಿಳಿಸಿತು. ಅಂಥ ಸ್ಥಿತಿಯಲ್ಲಿ ಅವರು ಸಲಹೆ ನೀಡಿದ್ದು ಹೇಗೆಂದು ಪ್ರತಿಪಕ್ಷ ಪ್ರಶ್ನಿಸಿತು. ಡಿಸೆಂಬರ್ 5ರಂದು ಅವರು ನಿಧನರಾದರು. ವದಂತಿಗಳು ಮಾತ್ರ ಅಡಗಲಿಲ್ಲ. 2017ರಲ್ಲಿ ನೇಮಕವಾದ ಆರ್ಮುಗಸ್ವಾಮಿ ಆಯೋಗ ವರದಿ ಸಲ್ಲಿಸಿದ್ದು 2022ರಲ್ಲಿ.

ಅಮೆರಿಕದ ಮಾದರಿ

ಅಮೆರಿಕದಲ್ಲಿ 1967ರಲ್ಲಿ ಜಾರಿಗೆ ಬಂದ 25ನೇ ಸಂವಿಧಾನ ತಿದ್ದುಪಡಿಯಂತೆ ಅಧ್ಯಕ್ಷರು ತಾತ್ಕಾಲಿಕವಾಗಿ ಅಧಿಕಾರವನ್ನು ಉಪಾಧ್ಯಕ್ಷರಿಗೆ ಒಪ್ಪಿಸಬಹುದು. 2021ರ ನವೆಂಬರ್‌ನಲ್ಲಿ ವೈದ್ಯಕೀಯ ತಪಾಸಣೆಯ ವೇಳೆ ಜೋ ಬೈಡನ್ ಹೀಗೆಯೇ ಮಾಡಿದರು. ಅಧ್ಯಕ್ಷರು ಅಸಮರ್ಥರೆಂದು ಉಪಾಧ್ಯಕ್ಷರು ಹಾಗೂ ಸಂಪುಟದ ಬಹುಮತ ಘೋಷಿಸಲೂ ಅವಕಾಶವಿದೆ. ಅದು ಈವರೆಗೆ ಬಳಕೆಯಾಗಿಲ್ಲ. 81ರ ಬೈಡನ್ 2024ರ ಜುಲೈನಲ್ಲಿ ಮರುಸ್ಪರ್ಧೆಯಿಂದ ಹಿಂದೆ ಸರಿದದ್ದು ಪಕ್ಷದ ಹಾಗೂ ಜನಾಭಿಪ್ರಾಯದ ಒತ್ತಡದಿಂದಲೇ ಹೊರತು ಕಾನೂನಿನಿಂದಲ್ಲ.

ವಯಸ್ಸೇ ಅಸಾಮರ್ಥ್ಯವಲ್ಲ, ನಾಯಕರಿಗೂ ಖಾಸಗಿತನದ ಹಕ್ಕಿದೆ. ಆದರೆ ನಾಯಕರು ಪ್ರಜ್ಞೆ ಕಳೆದುಕೊಂಡಾಗ ಕಡತಗಳಿಗೆ ಸಹಿ ಹಾಕುವವರು ಯಾರೆಂದು ತಿಳಿಯುವ ಹಕ್ಕು ಪ್ರಜೆಗಳದು. ಭಾರತದಲ್ಲಿ ಅದಿನ್ನೂ ಲಿಖಿತ ನಿಯಮವಾಗಿಲ್ಲ.